ಆಫೀಸು ತೆರೆಯುವ ಮೊದಲೇ ಅರಳಿದ ಭತ್ತ

ಇಲ್ಲ, ಸುಮ್ಮನೆ ತಲೆ ಅಲ್ಲಾಡಿಸಬೇಡ. ಹೂ ಎಣಿಸುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರಾ ಎಂದು ನೀನು ಕೇಳಿದೆ, ಕೊಡುತ್ತಾರೆ ಎಂದು ನಾನಂದೆ. ಅದೂ ಭತ್ತದ ಹೂವಾ ಎಂದು ನೀನು ನಕ್ಕೆ. ಹುಟ್ಟಿದಾಗಿನಿಂದ ದಿನಕ್ಕೆರಡು ಸಲ ಅನ್ನ ಇಳಿಸಿದ ಬಾಯಿ ನಿನ್ನದು, ಅದೇ ಬಾಯಲ್ಲಿ ಭತ್ತಕ್ಕೆ ಹೂವೇ ಇಲ್ಲ ಎನ್ನುತ್ತೀಯಲ್ಲ, ನಿನ್ನ ಧೈರ್ಯ ದೊಡ್ಡದು. ಇದೆ ಕಣಪ್ಪಾ. ಮುಡಿಯುವುದಕ್ಕೆ ಬರುವುದಿಲ್ಲ, ಮೂಸಿದರೆ ಏನೂ ಇಲ್ಲ. ತೆನೆಯಲ್ಲಿ ಒಂದೊಂದು ಕಾಳಿನ ಹೊಟ್ಟೂ ಕೋಳಿಮರಿ ಕೊಕ್ಕು ತೆರೆದ ಹಾಗೆ ಎರಡಾಗಿ ಬಿರಿಯುತ್ತದೆ. ಒಳಗಿಂದ ಆರು ಸಣ್ಣ ಕೇಸರಗಳು ನೂಲಿನ ತುದಿಯಲ್ಲಿ ಹೊರಗೆ ಜೋತುಬೀಳುತ್ತವೆ, ಹೂಪುಡಿ ಉದುರುತ್ತದೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಹೊಟ್ಟು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ. ಅಷ್ಟೇ ಅದರ ಸಂಭ್ರಮ. ಆ ಮುಕ್ಕಾಲು ಗಂಟೆಯಲ್ಲಿ ಆಗಬೇಕಾದ್ದು ಆದರೆ ಕಾಳು, ಇಲ್ಲವಾದರೆ ಜೊಳ್ಳು.

ಅದನ್ನು ಎಣಿಸುವವನೊಬ್ಬನಿದ್ದ. ಭತ್ತದ ಸಂಶೋಧನಾ ಕೇಂದ್ರದಲ್ಲಿ ಅವನನ್ನು ಎಲ್ಲರೂ ಲೆಕ್ಕದಣ್ಣ ಎನ್ನುತ್ತಿದ್ದರು. ಒಂದು ಹಿಡಿ ಸಾಸಿವೆಯನ್ನು ಯಾರೋ ಗಾಳಿಗೆ ಎಸೆದರೆ ಅದು ನೆಲ ಮುಟ್ಟುವಷ್ಟರಲ್ಲಿ ಎಣಿಸಿ ಮುಗಿಸಿ, "ಇನ್ನೆರಡು ಕಾಳು ನಿನ್ನ ಬೆರಳಸಂದಿಯಲ್ಲೇ ಇವೆ, ಅವನ್ನೂ ಬಿಡು" ಎಂದಿದ್ದನಂತೆ. ಮಳೆಗೆ ಸಿಕ್ಕಿ ಬಸ್ ನಿಲ್ದಾಣದ ತಗಡಿನ ಕೆಳಗೆ ನಿಂತವನು ತಗಡಿನ ಅಂಚಿನ ಹನಿ ಎಣಿಸುತ್ತಾ ಮೂರು ಬಸ್ಸು ತಪ್ಪಿಸಿಕೊಂಡದ್ದಂತೂ ಖರೆ. ಕೆಲಸದ ಹೊತ್ತಿನಲ್ಲಿ ಅವನ ಬಲಗೈಯಲ್ಲಿ ಸದಾ ಒಂದು ಎಣಿಕೆಯ ಯಂತ್ರ, ಮೊಟ್ಟೆಯಷ್ಟು ದೊಡ್ಡದು, ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದೆ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ಒತ್ತಿ ಒತ್ತಿ ಆ ಕೈಯ ಹೆಬ್ಬೆರಳು ಎಷ್ಟು ದಪ್ಪವಾಗಿತ್ತೆಂದರೆ, ಕೈಕುಲುಕಿದವರಿಗೆ ತಪ್ಪಿ ಕಾಲು ಹಿಡಿದೆವೇನೋ ಎಂದು ಗಾಬರಿಯಾಗುತ್ತಿತ್ತು.

ಸರಿ, ಹೆಬ್ಬೆರಳಿನ ವಿಷಯ ಸ್ವಲ್ಪ ಎಳೆದಿದ್ದೇನೆ. ಆದರೆ ಪುಸ್ತಕದ ವಿಷಯ ಎಳೆದಿಲ್ಲ. ಇಪ್ಪತ್ತಾರು ವರ್ಷ ಅವನು ತುಂಬಿದ ಪುಸ್ತಕಗಳಲ್ಲಿ ಒಂದೇ ಒಂದು ಹೊಡೆದುಹಾಕಿದ ಅಂಕಿ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲ ದಿನವೇ ಬೀರುವಿನ ಮುಂದೆ ನಿಲ್ಲಿಸಿ, "ನೋಡಿ, ಪುಸ್ತಕ ಅಂದ್ರೆ ಹೀಗಿರಬೇಕು" ಎಂದು ತೋರಿಸುತ್ತಿದ್ದರು. ಲೆಕ್ಕದಣ್ಣ ಆಗ ಅಲ್ಲೇ ಎಲ್ಲೋ ಏನೋ ಹುಡುಕುವ ನೆಪದಲ್ಲಿ ನಿಂತಿರುತ್ತಿದ್ದ.

ಆ ಹೊತ್ತಿಗೆ ಸೆಕೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಕೇಂದ್ರದ ಗದ್ದೆಯಲ್ಲಿದ್ದ ಬೆದರುಬೊಂಬೆ ಮಧ್ಯಾಹ್ನವಾಗುತ್ತಲೇ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುತ್ತಿತ್ತು ಎಂದರೆ ನೀನು ನಂಬುವುದಿಲ್ಲ, ಅದು ಬಿಡು. ದೇಶದುದ್ದಕ್ಕೂ ತೆನೆ ಬಗ್ಗುವುದು ನಿಂತದ್ದನ್ನು ಮಾತ್ರ ನಂಬು. ಭತ್ತದ ತೆನೆ ಕಾಳು ತುಂಬಿದರೆ ತಲೆ ಬಗ್ಗಿಸಬೇಕು. ಕೆಲವು ವರ್ಷಗಳಿಂದ ಎಷ್ಟೋ ಕಡೆ ಅದು ಕುಯ್ಲಿನ ದಿನದವರೆಗೂ ನೆಟ್ಟಗೆ ನಿಂತೇ ಇರುತ್ತಿತ್ತು, ಒಳಗೆ ಬರೀ ಗಾಳಿ. ಕಾರಣ ಇಷ್ಟೇ. ಭತ್ತ ಅರಳುವುದು ಹತ್ತು ಗಂಟೆಯಿಂದ ಒಂದು ಗಂಟೆಯೊಳಗೆ. ಆ ಹೊತ್ತಿನಲ್ಲಿ ಗಾಳಿಯ ಬಿಸಿ ಮನುಷ್ಯನ ಮೈಬಿಸಿಯ ಹತ್ತಿರ ಬಂದರೆ ಹೂಪುಡಿ ಸತ್ತೇಹೋಗುತ್ತದೆ. ಮೊದಲು ಅಷ್ಟು ಬಿಸಿ ಇರುತ್ತಿರಲಿಲ್ಲ, ಈಗ ಇತ್ತು.

ಹಾಗಾಗಿ ಮೇಲಿನಿಂದ ಆದೇಶ ಬಂತು. ದೇಶದ ಮೂಲೆಮೂಲೆಯಿಂದ ಹಿಂದೆಂದೋ ಸಂಗ್ರಹಿಸಿ ತಣ್ಣನೆ ಕೋಣೆಯಲ್ಲಿಟ್ಟ ಹಳೇ ಬೀಜಗಳನ್ನೆಲ್ಲ ತೆಗೆಯಿರಿ, ಬಿತ್ತಿ ನೋಡಿ, ಮಧ್ಯಾಹ್ನದ ಬಿಸಿಲನ್ನು ತಡೆಯುವ ಭತ್ತ ಯಾವುದು ಹುಡುಕಿ. ಕೇಂದ್ರದವರು ಆರುನೂರು ತಾಕು ಮಾಡಿದರು. ತಾಕು ಎಂದರೆ ಒಂದು ಮಂಚದಷ್ಟು ಜಾಗ, ಒಂದೊಂದರಲ್ಲಿ ಒಂದೊಂದು ಜಾತಿ, ಪಕ್ಕದಲ್ಲಿ ಸಂಖ್ಯೆ ಬರೆದ ಗೂಟ. ಲೆಕ್ಕದಣ್ಣನ ಕೆಲಸ, ತೆನೆ ಹೊರಟ ತಾಕುಗಳಲ್ಲಿ ಎಷ್ಟು ಹೂ ಬಿರಿದಿವೆ ಎಂದು ಹತ್ತಕ್ಕೆ, ಹನ್ನೊಂದಕ್ಕೆ, ಹನ್ನೆರಡಕ್ಕೆ, ಒಂದಕ್ಕೆ ಎಣಿಸುವುದು. ಪುಸ್ತಕದಲ್ಲಿ ನಾಲ್ಕು ಕಾಲಂ ಅಚ್ಚು ಹಾಕಿಸಿದ್ದರು, ಕೊನೆಗೊಂದು ಷರಾ ಬರೆಯುವ ಕಾಲಂ. ತೆನೆ ಹೊರಟ ಮೇಲೆ ಮೂರು ದಿನ ಸತತ ನಾಲ್ಕೂ ಕಾಲಂನಲ್ಲಿ ಸೊನ್ನೆ ಬಂದರೆ ಆ ತಾಕು ಹೂಬಾರದ್ದು ಎಂದು ಲೆಕ್ಕ. ಲೆಕ್ಕದಣ್ಣ ಅದರ ಗೂಟಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಶನಿವಾರ ಎಂಟು ಗಂಟೆಗೆ ಕುಯ್ಯುವವರು ಬಂದು ಕೆಂಪು ಕಟ್ಟಿದ ತಾಕುಗಳನ್ನೆಲ್ಲ ಬುಡದಿಂದ ಕುಯ್ದು ದನಗಳಿಗೆ ಹಾಕುತ್ತಿದ್ದರು. ಅವರಿಗೆ ಮಾತ್ರ ಅಷ್ಟು ಬೇಗ ಗೇಟು ತೆಗೆಯುವುದಿತ್ತು, ಅದಕ್ಕೂ ಬೇರೆಯದೇ ಚೀಟಿ ಇತ್ತು. ಕಾಳಿಗೆ ಹಾಲು ತುಂಬುತ್ತದಾ ಎಂದು ನೋಡುವಷ್ಟು ದಿನ ಅಂಥ ತಾಕನ್ನು ಯಾರೂ ಉಳಿಸುತ್ತಿರಲಿಲ್ಲ. ಹಿಂದಿನ ವರ್ಷ ಹೀಗೆ ಹನ್ನೊಂದು ತಾಕು ಹೋಗಿದ್ದವು.

ಈ ವರ್ಷ ಕೆಂಪು ಬಟ್ಟೆ ಬಿದ್ದದ್ದು ಒಂದಕ್ಕೇ, ಮುನ್ನೂರ ಹನ್ನೆರಡಕ್ಕೆ. ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಮೂರನೇ ದಿನದ ನಾಲ್ಕನೇ ಸೊನ್ನೆ ಬರೆದು, ಲೆಕ್ಕದಣ್ಣ ತನ್ನ ಕೈಯಾರೆ ಗಂಟು ಹಾಕಿದ್ದ. ಷರಾ ಕಾಲಂನಲ್ಲಿ ಎಂದಿನಂತೆ ದುಂಡಗೆ ಬರೆದ: "ನಿನ್ನೆಯ ಹೂ." ತೆನೆಯಲ್ಲಿ ಅಲ್ಲಲ್ಲಿ ಒಣಗಿದ ಕೇಸರ ಜೋತಾಡುತ್ತಿದ್ದವು, ಅದಕ್ಕೆ.

ಬುಧವಾರ ಬೆಳಿಗ್ಗೆ ಅವನ ಹೆಂಡತಿಯ ಹೊಲಿಗೆಯಂತ್ರ ಕೆಟ್ಟಿತು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು, ಶಾಲೆಯ ಸಮವಸ್ತ್ರದ ಕೆಲಸ ಕೊರಳತನಕ ಇತ್ತು. ರಿಪೇರಿಯವನು ಇದ್ದದ್ದು ಪಕ್ಕದ ಪಟ್ಟಣದಲ್ಲಿ, ಮೊದಲ ಬಸ್ಸು ಆರೂವರೆಗೆ.

"ಮಿಶನ್ ತಲೆ ಸೈಕಲ್ ಮೇಲಿಟ್ಟು ನಿಲ್ದಾಣದತನಕ ಬನ್ನಿ ಅಂದ್ರೆ ಅಷ್ಟು ಯೋಚನೆ ಮಾಡ್ತೀರಲ್ಲ" ಎಂದಳು.

"ಯೋಚನೆ ಅಲ್ಲ ಕಣೇ. ಆರೂವರೆಗೆ ನಿನ್ನ ಬಸ್ಸು ಹತ್ತಿಸಿದ್ರೆ ಮತ್ತೆ ಮನೆಗೆ ಬಂದು ಮತ್ತೆ ಹೋಗಬೇಕಲ್ಲ."

"ಬರಬೇಡಿ. ಅಲ್ಲಿಂದ ಸೀದಾ ಕೆಲಸಕ್ಕೆ ಹೋಗಿ. ಒಂದು ದಿನ ಬೇಗ ಹೋದ್ರೆ ನಿಮ್ಮ ಹೂವೇನು ಬೈಯಲ್ಲ."

ಹಾಗಾಗಿ ಲೆಕ್ಕದಣ್ಣ ಏಳು ಗಂಟೆಗೇ ಕೇಂದ್ರದ ಗೇಟಿನ ಮುಂದೆ ನಿಂತಿದ್ದ. ಗೇಟಿನ ಹಿಂದೆ ಮುಕ್ಕಾಲಿಯ ಮೇಲೆ ಕಾವಲಿನ ಅಜ್ಜ ಕೂತಿದ್ದ. ಬೀಗದ ಕೈ ಅವನ ಕೊರಳಲ್ಲಿ ದಾರಕ್ಕೆ ತೂಗುತ್ತಿತ್ತು.

"ಏನಣ್ಣಾ, ಮನೇಲಿ ಓಡಿಸಿಬಿಟ್ರಾ?"

"ಇಲ್ಲಜ್ಜ, ಅವಳೇ ಓಡಿಹೋದ್ಲು, ಮಿಶನ್ ಎತ್ತಿಕೊಂಡು. ಗೇಟು ತೆಗಿ."

"ಒಂಬತ್ತೂವರೆಗೆ."

"ನಾನು ಯಾರು ಅಂತ ಗೊತ್ತಲ್ಲ."

"ಗೊತ್ತಿರೋದ್ರಿಂದಲೇ ಮಾತಾಡ್ಸಿದ್ದು. ಇಲ್ದಿದ್ರೆ ಮಾತೂ ಒಂಬತ್ತೂವರೆಗೇ."

ಅವನೊಡನೆ ವಾದಿಸಿ ಗೆದ್ದವರಿಲ್ಲ. ಲೆಕ್ಕದಣ್ಣ ಸೈಕಲ್ ಒರಗಿಸಿ ತಂತಿಬೇಲಿಯ ಗುಂಟ ಸುಮ್ಮನೆ ನಡೆಯುತ್ತಾ ಹೋದ. ಮುನ್ನೂರರಿಂದ ಮೇಲಿನ ತಾಕುಗಳು ಬೇಲಿಯ ಮಗ್ಗುಲಲ್ಲೇ ಇದ್ದವು, ಬೇಲಿಗೂ ಅವಕ್ಕೂ ನಡುವೆ ಒಂದು ಬದು ಅಷ್ಟೇ. ನಡೆಯುತ್ತಿದ್ದವನು ಕೆಂಪು ಬಟ್ಟೆ ಕಂಡು ತನ್ನದೇ ಗಂಟಲ್ಲವಾ ಎಂದು ಅತ್ತ ನೋಡಿದ. ನೋಡಿದವನು ಹಾಗೇ ನಿಂತ.

ಮುನ್ನೂರ ಹನ್ನೆರಡು ಪೂರ್ತಿ ಅರಳಿತ್ತು. ಅತ್ತ ಇತ್ತ ತಾಕುಗಳೆಲ್ಲ ಬಾಯಿ ಬಿಗಿದು ನಿಂತಿದ್ದವು, ನಡುವೆ ಇದೊಂದು ತೆನೆತೆನೆಯಲ್ಲೂ ಬಿರಿದು, ಬಿಳಿ ಕೇಸರ ಬಿಟ್ಟುಕೊಂಡು, ಸಣ್ಣ ಗಾಳಿಗೆ ಹೂಪುಡಿ ಹಾರಿಸುತ್ತಿತ್ತು. ಲೆಕ್ಕದಣ್ಣ ಮುಖವನ್ನು ತಂತಿಗೆ ಒತ್ತಿ ಹಿಡಿದ. ಕೈಯಲ್ಲಿ ಯಂತ್ರ ಇರಲಿಲ್ಲ, ಅದು ಒಳಗೆ ಬೀರುವಿನಲ್ಲಿತ್ತು. ಆದರೂ ಹೆಬ್ಬೆರಳು ಖಾಲಿ ಕೈಯನ್ನೇ ಒತ್ತತೊಡಗಿತು. ಇನ್ನೂರ ಎಪ್ಪತ್ತರವರೆಗೆ ಎಣಿಸಿದ. ಎಂಟು ಗಂಟೆ ದಾಟುತ್ತಿದ್ದಂತೆ ಹೊಟ್ಟುಗಳು ಒಂದೊಂದಾಗಿ ಮುಚ್ಚಿಕೊಂಡವು. ಎಂಟೂಮುಕ್ಕಾಲಿಗೆ ಏನೂ ಆಗಿಲ್ಲವೆಂಬಂತೆ ತಾಕು ಸುಮ್ಮನೆ ನಿಂತಿತ್ತು. ಬಾಡುತ್ತಿದ್ದ ಕೇಸರಗಳು ಮಾತ್ರ ಹೊರಗೆ ಜೋತಿದ್ದವು.

ಗೇಟಿನ ಹತ್ತಿರ ಬಂದಾಗ ಅವನ ಎರಡು ಕೆನ್ನೆಗೂ ತಂತಿಯ ಚೌಕದ ಗುರುತು ಬಿದ್ದಿತ್ತು. ಅಜ್ಜ ನೋಡಿ, "ಓಡಿಸಿದ್ದಷ್ಟೇ ಅಲ್ಲ, ಬಾರಿಸಿಯೂ ಇದ್ದಾಳೆ" ಎಂದ.

ಹತ್ತು ಗಂಟೆಗೆ ಲೆಕ್ಕದಣ್ಣ ಪುಸ್ತಕ ಹಿಡಿದು ತಾಕಿನ ಮುಂದೆ ನಿಂತ. ಕೆಂಪು ಕಟ್ಟಿದ ಮೇಲೂ ಕುಯ್ಯುವ ದಿನದವರೆಗೆ ಆ ಸಾಲನ್ನು ತುಂಬುವ ಪದ್ಧತಿ. ಬಿರಿದ ಹೂ ಒಂದೂ ಇರಲಿಲ್ಲ. ಸೊನ್ನೆ ಬರೆದ, ಅದು ಸುಳ್ಳಲ್ಲ. ಷರಾಕ್ಕೆ ಬಂದಾಗ ಪೆನ್ನು ನಿಂತಿತು. ನಿನ್ನೆಯ ಹೂ ಎಂದು ಬರೆಯುವಂತಿರಲಿಲ್ಲ. ಆಗ ಅವನಿಗೆ ಹೊಳೆದದ್ದು, ನಿನ್ನೆ ಬರೆದದ್ದೂ ಅದರ ಹಿಂದಿನ ದಿನದ ಹೂವಲ್ಲ, ಮೊನ್ನೆ ಬರೆದದ್ದೂ ಅಲ್ಲ, ಆಯಾ ದಿನ ಬೆಳಿಗ್ಗೆ ಅರಳಿದ್ದೇ. ಬೀರುವಿಗೆ ಹೋಗಿ ಹಿಂದಿನ ವರ್ಷದ ಪುಸ್ತಕ ತೆಗೆದ. ಕುಯ್ದುಹಾಕಿದ ಹನ್ನೊಂದು ತಾಕಿನ ಮುಂದೆಯೂ ಅದೇ ದುಂಡಕ್ಷರ: ನಿನ್ನೆಯ ಹೂ, ನಿನ್ನೆಯ ಹೂ, ನಿನ್ನೆಯ ಹೂ. ದಿನವೂ ಸೊನ್ನೆಯಾದ ತಾಕಿನಲ್ಲಿ ದಿನವೂ ನಿನ್ನೆಯ ಹೂ ಬರುವುದು ಎಲ್ಲಿಂದ ಎಂದು ಅದನ್ನು ಬರೆದವನಿಗೂ ಅನ್ನಿಸಿರಲಿಲ್ಲ, ಓದಿದವರಿಗೂ ಅನ್ನಿಸಿರಲಿಲ್ಲ.

ಸಂಜೆ ಹೆಂಡತಿಗೆ ಹೇಳಿದ. ಆಕೆ ನೆಲದ ಮೇಲೆ ನೀಲಿ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಮಿಶನ್ ಸರಿಹೋಗಿ ಬಂದಿತ್ತು, ಹಾಗಾಗಿ ಆಕೆಯೂ ಸರಿ ಇದ್ದಳು.

"ಅಂದ್ರೆ ನೀವು ಇಷ್ಟು ವರ್ಷ ಎಣಿಸಿದ್ದು, ಬೆಳಿಗ್ಗೆ ಬೇಗ ಎದ್ದು ಕೆಲಸ ಮುಗಿಸಿದೋರ್ನ ಸೋಮಾರಿ ಅಂತ ಬರಕೊಂಡ ಹಾಗೆ."

"ನಾನು ಬರೆದ ಅಂಕಿ ತಪ್ಪಲ್ಲ ಕಣೇ. ಹತ್ತಕ್ಕೆ ಸೊನ್ನೆ ಇತ್ತು, ಸೊನ್ನೆ ಬರೆದೆ."

"ಅಂಕಿ ಸರಿ. ಕಟ್ಟಿದ ಬಟ್ಟೆ?"

ಆಕೆ ಗೆರೆಯಿಂದ ತಲೆ ಎತ್ತದೆ, "ಅಳತೆ ತಪ್ಪಿ ಕತ್ತರಿಸಿಬಿಟ್ರೆ ನಾನು ಗಿರಾಕಿ ಬಂದ ಕೂಡ್ಲೇ ಹೇಳ್ತೀನಪ್ಪ" ಎಂದಳು. "ಹೇಳದೆ ಹೊಲಿದು ಕೊಟ್ರೂ, ತೋಳು ತೂರಿಸೋವಾಗ ಅವರಿಗೇ ಗೊತ್ತಾಗತ್ತೆ."

ಗುರುವಾರ ಅವನು ಯಾರೂ ಹೇಳದೆಯೇ ಏಳು ಗಂಟೆಗೆ ಬೇಲಿಯ ಬಳಿ ಇದ್ದ. ಮುನ್ನೂರ ಹನ್ನೆರಡು ಅರಳಿತು, ಮುಚ್ಚಿತು. ಗೇಟು ತೆಗೆದ ಕೂಡಲೇ ಅವನು ತಣ್ಣನೆ ಕೋಣೆಯ ಗುಮಾಸ್ತನ ಬಳಿ ಹೋದ. ಹೊರಗೆ ಜನ ಬೆವರಿನಲ್ಲಿ ಈಜುತ್ತಿರುವಾಗ ಇಡೀ ಕೇಂದ್ರದಲ್ಲಿ ಸ್ವೆಟರ್ ಹಾಕಿಕೊಂಡು ಸೀನುತ್ತಿದ್ದವನು ಅವನೊಬ್ಬನೇ.

"ಮುನ್ನೂರ ಹನ್ನೆರಡರ ಬೀಜ ಇನ್ನೆಷ್ಟಿದೆ?"

ಗುಮಾಸ್ತ ಒಳಗೆ ಹೋಗಿ ಒಂದು ಪೊಟ್ಟಣ ತಂದು ತಲೆಕೆಳಗು ಮಾಡಿ ಮೇಜಿನ ಮೇಲೆ ತಟ್ಟಿದ. ಏನೂ ಬೀಳಲಿಲ್ಲ. "ಇದ್ದದ್ದು ಒಂದು ಹಿಡಿ. ಅದನ್ನೇ ಬಿತ್ತಿದ್ದು. ಅದನ್ನ ಕೊಟ್ಟ ಕಡೆ ಈಗ ಯಾರೂ ಬೆಳೆಯಲ್ಲ ಅಂತ ಬರೆದಿದೆ. ಯಾಕಣ್ಣಾ?"

"ಸುಮ್ನೆ ಕೇಳಿದೆ."

ಅಂದರೆ ಗದ್ದೆಯಲ್ಲಿ ಮಂಚದಷ್ಟು ಜಾಗದಲ್ಲಿ ನಿಂತಿರುವುದೇ ಎಲ್ಲ. ಶನಿವಾರ ಎಂಟು ಗಂಟೆಗೆ ಅದು ದನದ ಬಾಯಿಗೆ.

ಬಟ್ಟೆ ಬಿಚ್ಚಿಬಿಡಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಸೊನ್ನೆ ಇರುವ ತಾಕಿನಲ್ಲಿ ಕಾಳು ಕಂಡರೆ ಕುಯ್ಲಿನವರು ಅದನ್ನು ಬೆರಕೆ ಎಂದು ಆಚೆ ಹಾಕುತ್ತಾರೆ. ಹತ್ತು ಗಂಟೆಗೆ ತಾಕಿನ ಮುಂದೆ ನಿಂತ ಲೆಕ್ಕದಣ್ಣ ಹತ್ತರ ಕಾಲಂನಲ್ಲಿ ನಲವತ್ತು ಎಂದು ಬರೆದ. ನಲವತ್ತು ಹೂ ಇದ್ದ ತಾಕನ್ನು ಯಾರೂ ಕುಯ್ಯುವುದಿಲ್ಲ. ಕೆಲಸ ಆಯಿತು, ಮಾನವೂ ಉಳಿಯಿತು. ಎರಡು ಹೆಜ್ಜೆ ಮುಂದೆ ಹೋದವನು ಮತ್ತೆ ನಿಂತ. ನಾಳೆ ಇದರಲ್ಲಿ ಕಾಳು ತುಂಬಿದರೆ ಆಫೀಸಿನವರು ಏನೆನ್ನುತ್ತಾರೆ? ಹತ್ತಕ್ಕೆ ಅರಳಿಯೂ ಬಿಸಿಲು ತಡೆದ ಭತ್ತ ಎನ್ನುತ್ತಾರೆ. ಅದು ಬಿಸಿಲನ್ನು ತಡೆದಿಲ್ಲ, ಬಿಸಿಲಿಗೆ ಸಿಕ್ಕೇ ಇಲ್ಲ. ಇಲ್ಲದ ಗುಣವನ್ನು ಅದರಲ್ಲಿ ಹುಡುಕುತ್ತಾ ಬೇರೆ ಭತ್ತದ ಜೊತೆ ಕೂಡಿಸಿ ಕೂಡಿಸಿ, ಇರುವ ಗುಣವನ್ನೇ ಕಳೆದುಬಿಡುತ್ತಾರೆ. ಲೆಕ್ಕದಣ್ಣನಿಗೆ ಓದು ಕಡಿಮೆ, ಆದರೆ ಇಪ್ಪತ್ತಾರು ವರ್ಷ ಅವರ ಬೆನ್ನ ಹಿಂದೆ ನಿಂತು ಅವರ ಮಾತು ಕೇಳಿದವನು, ಇಷ್ಟು ಗೊತ್ತಿತ್ತು.

ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ನಲವತ್ತರ ಮೇಲೆ ಅಡ್ಡಗೆರೆ ಎಳೆದ. ಎಳೆದ ಗೆರೆಯೂ ಸೊಟ್ಟಗಿತ್ತು, ಅಭ್ಯಾಸ ಇರಲಿಲ್ಲವಲ್ಲ.

ಶುಕ್ರವಾರ ಮಧ್ಯಾಹ್ನ ಪುಸ್ತಕಗಳು ಮೇಡಂ ಮೇಜಿಗೆ ಹೋಗುತ್ತಿದ್ದವು. ಕೇಂದ್ರದ ಮುಖ್ಯಸ್ಥೆ ಆಕೆ. ಹಿಂದೆ ಇದೇ ಕೇಂದ್ರದಲ್ಲಿ ಕಿರಿಯ ಅಧಿಕಾರಿಯಾಗಿ ಬಂದಾಗ ಈ ಲೆಕ್ಕದಣ್ಣನೇ ಆಕೆಗೆ ಕೆಸರಿನಲ್ಲಿ ಜಾರದೆ ಬದುವಿನ ಮೇಲೆ ನಡೆಯುವುದನ್ನು ಕಲಿಸಿದ್ದ. ಸಹಿ ಹಾಕುತ್ತಾ ಪುಟ ಮಗುಚುತ್ತಿದ್ದ ಮೇಡಂ ಕೈ ನಿಂತಿತು. ಲೆಕ್ಕದಣ್ಣನಿಗೆ ಕರೆ ಬಂತು.

"ಏನಿದು? ನಿಮ್ಮ ಪುಸ್ತಕದಲ್ಲಿ ಗೆರೆ?"

"ಹೌದು ಮೇಡಂ."

"ಹುಷಾರಿದ್ದೀರಾ?"

ಕೂತುಕೊಳ್ಳಿ ಎಂದರೂ ಕೂರದೆ ಅವನು ನಿಂತೇ ಎಲ್ಲ ಹೇಳಿದ. ಹೊಲಿಗೆಯಂತ್ರದಿಂದ ಶುರುಮಾಡಿ ಪೊಟ್ಟಣದವರೆಗೆ. ನಲವತ್ತು ಬರೆದದ್ದನ್ನೂ ಬಿಡಲಿಲ್ಲ. ಮೇಡಂ ಹಿಂದಿನ ವರ್ಷದ ಪುಸ್ತಕ ತರಿಸಿ ಷರಾ ಕಾಲಂ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದಳು.

"ಇದಕ್ಕೆಲ್ಲ ನಾನೇ ಸಹಿ ಹಾಕಿದ್ದೀನಿ" ಎಂದಳು.

"ನೀವು ಅಂಕಿ ನೋಡಿದ್ರಿ ಮೇಡಂ. ನಾನು ಗಿಡ ನೋಡಿದ್ದೆ."

"ಈ ನಾಲ್ಕು ಕಾಲಂ ಹಾಕಿದ್ದೂ ನಾನೇ. ಹತ್ತಕ್ಕೆ ಮುಂಚೆ ಭತ್ತ ಅರಳಲ್ಲ ಅಂತ ನಾವು ಓದಿದ ಪುಸ್ತಕದಲ್ಲಿತ್ತು."

"ಪುಸ್ತಕ ಬರೆದೋರಿಗೂ ಗೇಟು ಒಂಬತ್ತೂವರೆಗೇ ತೆಗೀತಿದ್ರೇನೋ."

ಮೇಡಂ ನಗಲಿಲ್ಲ. ಕಿಟಕಿಯ ಕಡೆ ನೋಡಿ, "ಬೇಲಿಯಿಂದ ನೋಡಿದ್ದು ಲೆಕ್ಕಕ್ಕೆ ಬರಲ್ಲ" ಎಂದಳು. "ನಾನೇ ನೋಡಬೇಕು. ನೋಡಿದ್ರೆ ಬಟ್ಟೆ ಬಿಚ್ಚೋಣ. ನೋಡದಿದ್ರೆ ನಿಯಮ ನಿಯಮವೇ, ಒಂದು ತಾಕಿಗೆ ಬಿಟ್ರೆ ನಾಳೆ ಆರುನೂರಕ್ಕೂ ಒಬ್ಬೊಬ್ಬರು ಒಂದೊಂದು ಕತೆ ತರ್ತಾರೆ. ನಾಳೆ ಆರೂವರೆಗೆ ಗೇಟಿನ ಹತ್ರ ಇರಿ."

ಶನಿವಾರ ಆರೂವರೆಗೆ ಇಬ್ಬರೂ ಗೇಟಿನ ಮುಂದೆ ಇದ್ದರು. ಕಾವಲಿನ ಅಜ್ಜ ಎದ್ದು ನಿಂತು ನಮಸ್ಕಾರ ಮಾಡಿ ಮತ್ತೆ ಕೂತ.

"ಗೇಟು ತೆಗೀರಿ" ಎಂದಳು ಮೇಡಂ.

"ಒಂಬತ್ತೂವರೆಗೆ ಮುಂಚೆ ಯಾರಿಗೂ ತೆಗೆಯಕೂಡದು ಅಂತ ಕಾಗದ ಇದೆ ಮೇಡಂ. ನಿಮ್ಮದೇ ಸಹಿ."

"ನಾನೇ ಬಂದಿದ್ದೀನಲ್ಲ."

"ಯಾರಿಗೂ ಅಂದ್ರೆ ಯಾರಿಗೂ ತಾನೇ?"

ಮೇಡಂ ಕೈಚೀಲದಿಂದ ಒಂದು ಚೀಟಿ ತೆಗೆದು ಸೈಕಲ್ ಸೀಟಿನ ಮೇಲಿಟ್ಟು ತನಗೇ ಪ್ರವೇಶದ ಅಪ್ಪಣೆ ಬರೆದುಕೊಂಡು ಸಹಿ ಹಾಕಿ ಸರಳಿನ ಸಂದಿಯಿಂದ ಕೊಟ್ಟಳು. ಅಜ್ಜ ಅದನ್ನು ಒಂದು ಮಾರು ದೂರ ಹಿಡಿದು ಓದಿದ. "ತಾರೀಖು ಇಲ್ಲ" ಎಂದ. ತಾರೀಖು ಬಿತ್ತು. ಗೇಟು ತೆರೆಯಿತು.

ಆ ದಿನವೇ ಮೋಡ ಕವಿದಿತ್ತು ನೋಡು. ಮೂರು ತಿಂಗಳಿಂದ ಒಂದು ಹತ್ತಿಯಷ್ಟು ಮೋಡ ಕಾಣದ ಆಕಾಶ, ಆ ಶನಿವಾರ ಬೂದಿ ಬಳಿದ ಪಾತ್ರೆಯ ಹಾಗೆ ಮಂಕಾಗಿ ಕೂತಿತ್ತು. ಏಳಾಯಿತು. ಮುನ್ನೂರ ಹನ್ನೆರಡು ಬಾಯಿ ಬಿಗಿದೇ ನಿಂತಿತ್ತು. ಏಳೂಕಾಲು, ಏಳೂವರೆ. ಮೇಡಂ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಲೆಕ್ಕದಣ್ಣ ಗಿಡ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ, ಬೀರುವಿನಿಂದ ತಂದ ಯಂತ್ರ ಕೈಯಲ್ಲಿ ಸಿದ್ಧವಾಗಿತ್ತು.

"ದಿನಾ ಏಳಕ್ಕೆ ಅಂದ್ರಿ."

"ಮೋಡಕ್ಕೆ ತಡ ಮಾಡತ್ತೆ ಮೇಡಂ. ಎಲ್ಲ ಭತ್ತವೂ ಮಾಡತ್ತೆ."

"ಎಷ್ಟು ತಡ?"

"ಎಣಿಸಿದ್ದನ್ನ ಮಾತ್ರ ಹೇಳಬಲ್ಲೆ. ಇದನ್ನ ಎಣಿಸಿಲ್ಲ."

ಎಂಟಕ್ಕೆ ಕುಯ್ಯುವವರು ಬಂದರು. ಅಕ್ಕ ತಂಗಿ ಇಬ್ಬರು, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು. ಒಂದೇ ತಾಕು, ಹತ್ತು ನಿಮಿಷದ ಕೆಲಸ, ಮುಗಿಸಿ ಬೇರೆ ಗದ್ದೆಗೆ ಹೋಗಬೇಕಿತ್ತು. ಮೇಡಂ ಅಲ್ಲಿ ನಿಂತದ್ದು ನೋಡಿ ಇಬ್ಬರೂ ಬದುವಿನ ಮೇಲೆ ಕೂತರು.

"ಏನಣ್ಣಾ, ಹುಲ್ಲಿಗೆ ಹೆರಿಗೆ ನೋವಾ?" ಎಂದಳು ಅಕ್ಕ.

"ಸುಮ್ನಿರೇ, ಮೇಡಂ ಇದಾರೆ" ಎಂದಳು ತಂಗಿ.

ಎಂಟೂಕಾಲಿಗೆ ಅಕ್ಕ ಎದ್ದು ಸೀರೆ ಎತ್ತಿಕಟ್ಟಿದಳು. ಮೇಡಂ ಲೆಕ್ಕದಣ್ಣನ ಮುಖ ನೋಡಿದಳು. ಅವನು ಬೇಡ ಎನ್ನಲಿಲ್ಲ. ಹೇಳಬೇಕಾದ್ದನ್ನು ಹಿಂದಿನ ದಿನ ಹೇಳಿಯಾಗಿತ್ತು. ಸುಮ್ಮನೆ ಅಕ್ಕನಿಗೂ ತಾಕಿಗೂ ನಡುವೆ ಕುಕ್ಕರುಗಾಲಲ್ಲಿ ಕೂತ, ಎಣಿಸುವಾಗ ಕೂರುವ ಹಾಗೆ. ಅಕ್ಕನಿಗೆ ಅವನನ್ನು ಬಳಸಿಕೊಂಡು ಹೋಗಲು ನೀರಿಗೆ ಇಳಿಯಬೇಕಾಯಿತು, ಅದಕ್ಕೆ ಕಾಲ್ಗೆಜ್ಜೆ ಬಿಚ್ಚಲು ಬಗ್ಗಿದಳು.

"ಟಿಕ್" ಎಂದಿತು ಯಂತ್ರ.

ಎಲ್ಲರೂ ತಿರುಗಿದರು. ನಡುವಿನ ತೆನೆಯ ತುದಿಯಲ್ಲಿ ಒಂದು ಹೊಟ್ಟು ಬಿರಿದಿತ್ತು. ಮೇಡಂ ಕೆಸರಿನಲ್ಲಿ ಮಂಡಿಯೂರಿದಳು. ಟಿಕ್, ಟಿಕ್. ಆಮೇಲೆ ಎಣಿಸುವುದು ಯಂತ್ರಕ್ಕೂ ಕಷ್ಟವಾಯಿತು, ತೆನೆತೆನೆಗೂ ಮೇಲಿನಿಂದ ಕೆಳಗೆ ಬಿರಿಯುತ್ತಾ ಬಂತು. ಅತ್ತ ಮುನ್ನೂರ ಹನ್ನೊಂದು, ಇತ್ತ ಮುನ್ನೂರ ಹದಿಮೂರು ಎರಡೂ ಹಾಗೇ ಇದ್ದವು.

"ಇಷ್ಟಕ್ಕಾ ಕಾದಿದ್ದು?" ಎಂದಳು ತಂಗಿ. ಅಕ್ಕ ಕುಡುಗೋಲು ಬದುವಿನ ಮೇಲಿಟ್ಟು ಬಗ್ಗಿ ನೋಡಿದಳು. ಹತ್ತಾರು ವರ್ಷ ಭತ್ತ ಕುಯ್ದಿದ್ದರೂ ಅದರ ಹೂವನ್ನು ಅಷ್ಟು ಹತ್ತಿರದಿಂದ ಆಕೆಯೂ ನೋಡಿರಲಿಲ್ಲ.

ನೂರ ತೊಂಬತ್ತಮೂರು. ಲೆಕ್ಕದಣ್ಣ ಪುಸ್ತಕ ತೆರೆದ. ಬರೆಯಲು ಜಾಗ ಇರಲಿಲ್ಲ, ಮೊದಲ ಕಾಲಂ ಹತ್ತರದ್ದು. ಮೇಡಂ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು, ಅಂಚಿನ ಖಾಲಿ ಜಾಗದಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆದು, ತಲೆಗೆ ಎಂಟೂವರೆ ಎಂದು ಬರೆದು ಕೊಟ್ಟಳು. ಅವನು ಅಂಕಿ ತುಂಬಿದ.

"ಬಟ್ಟೆ ಬಿಚ್ಚಿ" ಎಂದಳು.

ಅಂದೇ ಮಧ್ಯಾಹ್ನ ಹಿಂದಿನ ವರ್ಷದ ಪುಸ್ತಕ ಅವನ ಮುಂದೆ ಬಂತು. ಯಾರೂ ಹೇಳಲಿಲ್ಲ, ಅವನೇ ತೆಗೆದಿಟ್ಟುಕೊಂಡದ್ದು. ಹನ್ನೊಂದು ಕಡೆಯೂ ನಿನ್ನೆಯ ಹೂ ಎಂಬುದರ ಮೇಲೆ ಗೆರೆ ಎಳೆದು, "ಅಂದಿನದೇ ಹೂ. ಹತ್ತಕ್ಕೆ ಮೊದಲು ನೋಡಿಲ್ಲ. ನನ್ನ ತಪ್ಪು" ಎಂದು ಬರೆದು ಒಂದೊಂದಕ್ಕೂ ಸಹಿ ಮಾಡಿದ. ಕೆಳಗೆ ಮೇಡಂ ತನ್ನ ಸಹಿ ಹಾಕಿದಳು. ಸ್ವೆಟರಿನ ಗುಮಾಸ್ತ ಹನ್ನೊಂದು ಪೊಟ್ಟಣವನ್ನೂ ತಂದು ಮೇಜಿನ ಮೇಲೆ ತಟ್ಟಿ ನೋಡಿದ. ನಾಲ್ಕರಲ್ಲಿ ಬೀಜ ಉಳಿದಿತ್ತು. ಏಳರಲ್ಲಿ ಇರಲಿಲ್ಲ. ಆ ಏಳು ಯಾವ ಗುಣದವಾಗಿದ್ದವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕದಣ್ಣ ಆ ಏಳು ಖಾಲಿ ಪೊಟ್ಟಣಗಳನ್ನು ಎಣಿಸಿ ಮತ್ತೆ ಗುಮಾಸ್ತನ ಕೈಗೇ ಕೊಟ್ಟ.

ಮುನ್ನೂರ ಹನ್ನೆರಡರ ತೆನೆ ಆ ವರ್ಷ ತಲೆ ಬಗ್ಗಿಸಿತು. ಎರಡೂವರೆ ಹಿಡಿ ಕಾಳು. ಅದರಿಂದ ಮಡಿ, ಮಡಿಯಿಂದ ಗದ್ದೆ, ಅದನ್ನು ಬೇರೆ ಭತ್ತಗಳ ಜೊತೆ ಕೂಡಿಸಿ, ಬೆಳಿಗ್ಗೆ ಅರಳುವ ಮರಿಗಳನ್ನು ಮಾತ್ರ ಆರಿಸಿಟ್ಟುಕೊಂಡು, ಹೀಗೆ ಎಂಟು ವರ್ಷ. ಆರಿಸುವುದಕ್ಕೆ ಲೆಕ್ಕದಣ್ಣನೇ ಬೇಕಾಗಿತ್ತು. ಆಮೇಲೆ ಬೀಜ ದೇಶದ ಸೆಕೆ ನಾಡುಗಳಿಗೆಲ್ಲ ಹೋಯಿತು. ಹೊಸ ಭತ್ತ ಬಂದಿದೆ, ಬೆಳಿಗ್ಗೆಯೇ ಅರಳುತ್ತದೆ ಎಂದು ಒಬ್ಬ ರೈತ ನಾಲ್ಕು ಗಂಟೆಗೇ ಎದ್ದು ಗದ್ದೆಯಲ್ಲಿ ಕಾದು ಕೂತನಂತೆ, ಭತ್ತ ಅವನನ್ನು ನೋಡಿ ನಾಚಿಕೊಂಡು ಮೂರೂವರೆ ಗಂಟೆ...

ಹಾಂ? ಬಂದೆ, ಬಂದೆ! ತಟ್ಟೆ ಹಾಕಿಯಾಯಿತಂತೆ. ನಕ್ಕಿದ್ದು ಸಾಕು, ಏಳು, ಕೈ ತೊಳೆದುಕೊ. ಅನ್ನ ಆರಿಹೋದರೆ ನಿಮ್ಮಜ್ಜಿ ನನ್ನನ್ನೇ ಬೈಯುತ್ತಾಳೆ.